ಚಾಸಿಗೂ ಮೇಕಪ್ ಮಾಡಬಲ್ಲ ಮಹಾಶಯರಿಗೆ

ಮಾನ್ಯ ಸೆಕೆಂಡ್‌ಹ್ಯಾಂಡ್ ಕಾರು ವ್ಯಾಪಾರಿಗಳೇ,

ಮೊದಲಿಗೆ ಅಭಿನಂದನೆ. ನನ್ನ ಭಾವಮೈದುನನಿಗೆ ನೀವು ಮಾರಿದ ಬಿಳಿ ಹ್ಯಾಚ್‌ಬ್ಯಾಕ್ ನೋಡಿದೆ. ಹಗಲು ಬೆಳಕಿನಲ್ಲಿ ಸುತ್ತು ಬಂದು, ಬಾನೆಟ್ ಎತ್ತಿ, ಡಿಕ್ಕಿಯ ಮ್ಯಾಟ್ ಸರಿಸಿ, ಕೊನೆಗೆ ಗೋಣಿಚೀಲ ಹಾಸಿಕೊಂಡು ಅಡಿಯಲ್ಲಿ ಮಲಗಿಯೂ ನೋಡಿದೆ. ಐಟಿಐನಲ್ಲಿ ವೆಲ್ಡಿಂಗ್ ಕಲಿಸಿ ನಿವೃತ್ತನಾದವನು ನಾನು. ಹುಡುಗರ ಕೆಲಸಕ್ಕೆ ಅಂಕ ಹಾಕಿ ಹಾಕಿ ಅಭ್ಯಾಸವಾಗಿಬಿಟ್ಟಿದೆ, ನಿಮ್ಮ ಕೆಲಸಕ್ಕೂ ಹಾಕದೆ ಇರಲಾಗಲಿಲ್ಲ. ಪೇಂಟಿಗೆ ನೂರಕ್ಕೆ ತೊಂಬತ್ತು. ಪಾಲಿಶ್‌ಗೆ ನೂರಕ್ಕೆ ನೂರು. ಮಿಕ್ಕ ವಿಷಯಗಳ ಫಲಿತಾಂಶವನ್ನು ಹೀಗೆ ಬಹಿರಂಗವಾಗಿ ಪ್ರಕಟಿಸುತ್ತಿದ್ದೇನೆ. ನೀವು ಫೋನ್ ಎತ್ತುತ್ತಿಲ್ಲ, ಬೇರೆ ದಾರಿ ಕಾಣಲಿಲ್ಲ.

ನಿಮ್ಮ ಅಂಗಡಿಯ ಹುಡುಗ ಹೇಳಿದ ಮಾತನ್ನು ಭಾವಮೈದುನ ಬಾಯಿಪಾಠ ಒಪ್ಪಿಸುತ್ತಾನೆ: ‘ಸಿಂಗಲ್ ಓನರ್ ಸಾರ್, ಮೇಷ್ಟ್ರು ಓಡಿಸಿದ ಗಾಡಿ. ಶೋರೂಮ್ ಕಂಡಿಷನ್. ಒಂದು ಗೀರೂ ಬಿದ್ದಿಲ್ಲ. ಪಕ್ಕಾ ನಾನ್ ಆಕ್ಸಿಡೆಂಟ್.’ ನಮ್ಮ ರಾಜ್ಯದಲ್ಲಿ ಮಾರಾಟಕ್ಕೆ ಬರುವ ಹಳೆಯ ಕಾರುಗಳನ್ನೆಲ್ಲ ಓಡಿಸಿದವರು ಡಾಕ್ಟರು, ಬ್ಯಾಂಕ್ ಮ್ಯಾನೇಜರು, ಮೇಷ್ಟ್ರು, ಈ ಮೂವರೇ. ರಾತ್ರಿ ಹನ್ನೆರಡಕ್ಕೆ ಡಾಬಾದಿಂದ ಹೊರಟು ಡಿವೈಡರ್ ಹತ್ತಿಸುವ ಹುಡುಗರು ತಮ್ಮ ಕಾರುಗಳನ್ನು ಯಾರಿಗೆ ಮಾರುತ್ತಾರೋ ಇಲ್ಲಿಯವರೆಗೆ ಯಾರಿಗೂ ತಿಳಿದಿಲ್ಲ.

ನೀವು ಕೊಟ್ಟ ಕಾಗದಪತ್ರಗಳ ನಡುವೆ ಹಳೆಯ ವಿಮಾ ಪಾಲಿಸಿಯ ಜೆರಾಕ್ಸ್ ಒಂದಿತ್ತು. ತೆಗೆದಿಡಲು ಮರೆತಿರೇನೋ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ನೋ ಕ್ಲೇಮ್ ಬೋನಸ್ ಶೇ. 20, ಸತತ ಐದು ವರ್ಷ ಮಾಡದಿದ್ದರೆ ಶೇ. 50. ಗೀರೂ ಬೀಳದ ಈ ಐದು ವರ್ಷದ ಗಾಡಿಯ ಪಾಲಿಸಿಯಲ್ಲಿ ಆ ಕಾಲಮ್ಮಿನಲ್ಲಿ ದುಂಡಗೆ ಸೊನ್ನೆ ಕೂತಿದೆ. ಮೇಷ್ಟ್ರು ಕ್ಲೇಮ್ ಮಾಡಿದ್ದು ಯಾವುದಕ್ಕೆ? ವೈಪರ್ ಬ್ಲೇಡಿಗೋ?

ಈಗ ಗಾಡಿಗೆ ಬರೋಣ. ಕಂಪನಿಯಲ್ಲಿ ಬಾಡಿ ಜೋಡಿಸಿದ ಮೇಲೆ ಬಣ್ಣ ಬೀಳುತ್ತದೆ, ಆದ್ದರಿಂದ ಫೆಂಡರ್ ಹಿಡಿದಿರುವ ಬೋಲ್ಟಿನ ತಲೆಯ ಮೇಲೂ ಅದೇ ಬಣ್ಣ ಕೂತಿರುತ್ತದೆ. ನಿಮ್ಮ ಗಾಡಿಯ ಎಡಗಡೆ ಬೋಲ್ಟುಗಳ ಮೂಲೆಮೂಲೆಯಲ್ಲೂ ಸ್ಪ್ಯಾನರ್ ಕಚ್ಚಿದ ಗುರುತು. ಇರಲಿ, ಫೆಂಡರ್ ಬದಲಿಸುವುದು ಅಪರಾಧವೇನಲ್ಲ, ಆಟೋದವನು ತರಚಿದರೂ ಬದಲಿಸುತ್ತಾರೆ. ಆದರೆ ಅದರ ಹಿಂದೆ, ಸಸ್ಪೆನ್ಶನ್ನಿನ ತಲೆಭಾಗ ಕೂರುವ ಏಪ್ರನ್ ತಗಡು ನೋಡಿ. ಕಾರ್ಖಾನೆಯ ಸ್ಪಾಟ್ ವೆಲ್ಡ್ ಅಂದರೆ ಬಟಾಣಿ ಗಾತ್ರದ ದುಂಡು ಗುಳಿ, ಒಂದರಿಂದ ಒಂದಕ್ಕೆ ಹೆಚ್ಚೂಕಡಿಮೆ ಸಮದೂರ. ಬಲಗಡೆ ಹಾಗೇ ಸಾಲಾಗಿ ಇವೆ. ಎಡಗಡೆ ಗುಳಿಗಳೇ ಇಲ್ಲ. ಅಲ್ಲಿರುವುದು ಗ್ಯಾಸ್ ವೆಲ್ಡಿಂಗಿನ ಉಬ್ಬು ಗೆರೆ, ಅದರ ಮೇಲೆ ಬೆರಳಲ್ಲಿ ತೀಡಿದ ಸೀಲೆಂಟು, ಅದರ ಮೇಲೆ ಡಬ್ಬಿಯಿಂದ ಹೊಡೆದ ಬಿಳಿ ಸ್ಪ್ರೇ. ತೀಡಿದ ಬೆರಳಿನ ಗುರುತು ಕೂಡ ಹಾಗೇ ಉಳಿದಿದೆ. ಮೊದಲ ವರ್ಷದ ಹುಡುಗ ಇಂಥ ಬೀಡ್ ಹಾಕಿದ್ದರೆ ಗ್ರೈಂಡರ್ ಕೈಗಿಟ್ಟು ‘ಕಿತ್ತು ಮತ್ತೆ ಹಾಕಪ್ಪ’ ಅನ್ನುತ್ತಿದ್ದೆ.

ಬಟ್ಟೆ ಸುತ್ತಿದ ಅಯಸ್ಕಾಂತ ಬಲಗಡೆ ಎಲ್ಲಿಟ್ಟರೂ ಕಚ್ಚಿಕೊಂಡಿತು. ಎಡಗಡೆ ಮುಂಬಾಗಿಲ ಪಿಲ್ಲರಿನ ಬುಡದಲ್ಲಿ ಇಟ್ಟೆ, ಜಾರಿ ಕೆಳಗೆ ಬಿತ್ತು. ಅಲ್ಲಿ ತಗಡಿಗಿಂತ ಪುಟ್ಟಿಯೇ ಹೆಚ್ಚು. ಗೋಡೆಗೆ ಬಳಿಯುವವರೂ ಇಷ್ಟು ದಪ್ಪ ಬಳಿಯುವುದಿಲ್ಲ.

ಅಡಿಯಲ್ಲಿ ಮಲಗಿದಾಗ ಕಂಡದ್ದು ನಿಮ್ಮ ನಿಜವಾದ ಮಹಾಕೃತಿ. ಎಡಗಡೆಯ ಸೈಡ್ ಮೆಂಬರ್, ಅಂದರೆ ಎಂಜಿನ್ ಹೊತ್ತು ಬಂಪರಿನವರೆಗೆ ಚಾಚಿರುವ ಉದ್ದನೆಯ ಪೆಟ್ಟಿಗೆಯಂಥ ಉಕ್ಕಿನ ತೊಲೆ, ಒಂದು ಕಡೆ ಮುದುರಿಕೊಂಡಿತ್ತು. ಅದನ್ನು ಎಳೆದು ನೆಟ್ಟಗೆ ಮಾಡಿ, ಮುದುರು ಕಾಣದ ಹಾಗೆ ಒಂದು ದಪ್ಪ ಪ್ಲೇಟ್ ಕೂರಿಸಿ ಸುತ್ತಲೂ ವೆಲ್ಡ್ ಹೊಡೆದಿದ್ದೀರಿ. ಬಹುಶಃ ಈ ಕೆಲಸ ಮಾಡಿಕೊಟ್ಟ ಗ್ಯಾರೇಜಿನವನು ಎದೆ ತಟ್ಟಿಕೊಂಡು ಹೇಳಿರುತ್ತಾನೆ: ‘ಕಂಪನಿಗಿಂತ ಗಟ್ಟಿ ಮಾಡಿದೀನಿ ಸಾರ್.’

ಅವನು ಹೇಳಿದ್ದು ನಿಜವೇ. ತೊಂದರೆ ಇರುವುದೂ ಅಲ್ಲೇ. ದಯವಿಟ್ಟು ಸ್ವಲ್ಪ ಕೂತು ಕೇಳಿ, ಇದು ಪಾಠದ ಭಾಗ.

ಜೀಪು, ಬೊಲೆರೊ, ಲಾರಿಗಳಿಗೆ ಏಣಿಯಂಥ ಚಾಸಿ ಬೇರೆ, ಅದರ ಮೇಲೆ ಕೂರುವ ಬಾಡಿ ಬೇರೆ. ನಮ್ಮ ಸಣ್ಣ ಕಾರುಗಳಿಗೆ ಆ ಏಣಿ ಇಲ್ಲ. ತಗಡಿನ ಪೆಟ್ಟಿಗೆಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಇಡೀ ಒಡಲೇ ಚಾಸಿ. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. 1922ರಲ್ಲಿ ಬಂದ ಇಟಲಿಯ ಲಾನ್ಸಿಯಾ ಲ್ಯಾಂಬ್ಡಾ ಈ ದಾರಿ ಹಿಡಿದ ಮೊದಲ ಕಾರುಗಳಲ್ಲಿ ಒಂದು. ನಮ್ಮ ಅಂಬಾಸಿಡರ್ ಕೂಡ ಏಣಿಯಿಲ್ಲದ ಗಾಡಿಯೇ. ಆದರೆ ಅದರ ತಗಡು ದಪ್ಪ, ಸುತ್ತಿಗೆಯ ಮಾತು ಕೇಳುತ್ತಿತ್ತು. ನಮ್ಮ ಟಿಂಕರುಗಳ ಎರಡು ತಲೆಮಾರು ಅದರ ಮೇಲೇ ಕೈ ಪಳಗಿಸಿಕೊಂಡಿತು. ಅವರ ಕೈಚಳಕದ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಜಜ್ಜಿದ ಮಡ್‌ಗಾರ್ಡನ್ನು ಬರೀ ಸುತ್ತಿಗೆ, ಡಾಲಿಯಿಂದ ಮೊದಲಿನಂತೆ ಮಾಡುತ್ತಿದ್ದವರನ್ನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಬೇಲಾ ಬಾರೇನಿ ಎಂಬ ಎಂಜಿನಿಯರ್ ಬಂದ. ಮರ್ಸಿಡಿಸ್ ಬೆಂಜ್‌ನಲ್ಲಿದ್ದವನು. ಕಾರು ಪೂರ್ತಿ ಗಟ್ಟಿಯಾಗಿರಬೇಕು ಎಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ ಆತ ಉಲ್ಟಾ ಹೇಳಿದ: ಮುಂದೆ ಹಿಂದೆ ಮುದುರಲಿ, ನಡುವೆ ಜನ ಕೂರುವ ಗೂಡು ಮಾತ್ರ ಗಟ್ಟಿ ಇರಲಿ. 1950ರ ದಶಕದ ಆರಂಭದಲ್ಲೇ ಇದಕ್ಕೆ ಪೇಟೆಂಟ್ ಪಡೆದ, 1959ರಲ್ಲಿ ಅಂಥ ಕಾರು ರಸ್ತೆಗೂ ಬಂತು. ಅಂದಿನಿಂದ ಸೈಡ್ ಮೆಂಬರಿನ ಕೆಲಸ ಎಂಜಿನ್ ಹೊರುವುದಷ್ಟೇ ಅಲ್ಲ, ಹೊತ್ತು ಬಂದಾಗ ಲೆಕ್ಕಾಚಾರದಂತೆ ಮುದುರಿ ಸಾಯುವುದೂ ಹೌದು. ಎಲ್ಲಿ ಮೊದಲು ಮಡಿಯಬೇಕು, ಎಲ್ಲಿ ಆಮೇಲೆ ಎಂದು ಅದರಲ್ಲಿ ಬೇಕೆಂದೇ ಗುಳಿ, ತೂತು, ಬಗ್ಗು ಇಟ್ಟಿರುತ್ತಾರೆ. ಏರ್‌ಬ್ಯಾಗ್ ಯಾವಾಗ ಸಿಡಿಯಬೇಕು ಎಂಬ ಲೆಕ್ಕವೂ ಈ ಮುದುರುವ ವೇಗಕ್ಕೆ ಹೊಂದಿಕೊಂಡೇ ಇರುತ್ತದೆ. ಅದೆಲ್ಲ ತೀರ್ಮಾನವಾಗುವುದು ಒಂದು ಸೆಕೆಂಡಿನ ನೂರನೇ ಕೆಲವು ಭಾಗದಲ್ಲಿ.

ನೀವು ಅಂಥ ಜಾಗಕ್ಕೇ ದಪ್ಪ ಪ್ಲೇಟ್ ಬಿಗಿದಿದ್ದೀರಿ. ಇನ್ನೊಂದು ಸಲ ಗುದ್ದಿದರೆ ಅದು ಮುದುರದೆ ನೆಟ್ಟಗೆ ನಿಂತು, ಪೆಟ್ಟನ್ನು ಕಾಲಿಡುವ ಜಾಗಕ್ಕೆ ದಾಟಿಸುತ್ತದೆ. ಆ ಕಡೆ ಕೂರುವವಳು ನನ್ನ ಭಾವಮೈದುನನ ಹೆಂಡತಿ. ಅವಳ ಮೊಣಕಾಲಿನ ಪರವಾಗಿ ನಿಮಗೆ ಹೃತ್ಪೂರ್ವಕ ವಂದನೆಗಳು.

ಬಗ್ಗಿದ ಉಕ್ಕನ್ನು ನೆಟ್ಟಗೆ ಮಾಡಬಹುದು, ಮಡಿಚಿದ ಉಕ್ಕನ್ನು ಬದಲಿಸಬೇಕು. ಇದು ಲೋಕದ ಒಳ್ಳೆಯ ಬಾಡಿ ಶಾಪುಗಳೆಲ್ಲ ಒಪ್ಪಿದ ನಿಯಮ. ಹಾಳೆ ಮಡಿಚಿ ಬಿಡಿಸಿದರೆ ಗೆರೆ ಉಳಿಯುವಂತೆ ಉಕ್ಕಿನಲ್ಲೂ ಮಡಿಕೆಯ ಜಾಗ ಉಳಿಯುತ್ತದೆ. ಸಾಣೆ ಹಿಡಿದು ಬಣ್ಣ ಬಳಿದರೆ ಕಣ್ಣಿಗೆ ಕಾಣದು, ಆದರೆ ಮುಂದಿನ ಪೆಟ್ಟು ಆ ಗೆರೆಯನ್ನು ಹುಡುಕಿಕೊಂಡೇ ಬರುತ್ತದೆ. ಇನ್ನು ಗ್ಯಾಸ್ ಕಟ್ಟರ್ ಹಿಡಿದು ಕೆಂಪಗೆ ಕಾಯಿಸಿ ಬಗ್ಗಿಸುವ ನಿಮ್ಮವರ ವಿದ್ಯೆ. ಸಾದಾ ತಗಡಿನ ಕರ್ಷಣ ಬಲ ಸುಮಾರು 270 ಮೆಗಾಪಾಸ್ಕಲ್. ಈಚಿನ ಕಾರುಗಳ ನಡುವಿನ ಪಿಲ್ಲರಿನಂಥ ಕಡೆ ಬಳಸುವ ಬೋರಾನ್ ಉಕ್ಕಿನದು 1,500ರ ಸುಮಾರು. ಆ ಬಲ ಬಂದದ್ದು ಕುಲುಮೆಯಲ್ಲಿ ಕಾಯಿಸಿ, ಅಚ್ಚಿನಲ್ಲಿ ಒತ್ತಿ ಹಿಡಿದೇ ಥಟ್ಟನೆ ತಣಿಸಿದ್ದರಿಂದ. ನಿಮ್ಮ ಗ್ಯಾಸ್ ಜ್ವಾಲೆ ಸೋಕಿದರೆ ಆ ಹದ ಹೋಯಿತು. ನೋಡಲು ಮಾತ್ರ ಅದೇ ಪಿಲ್ಲರ್.

ಎಳೆಯುವ ವಿಧಾನವನ್ನೂ ಸ್ವಲ್ಪ ಮೆಚ್ಚಬೇಕು. ಸ್ವೀಡನ್ನಿನ ಕಾರ್-ಒ-ಲೈನರ್, ಫ್ರಾನ್ಸಿನ ಸೆಲೆಟ್‌ನಂಥ ಕಂಪನಿಗಳು ಇದಕ್ಕೆಂದೇ ಬೆಂಚುಗಳನ್ನು ಮಾಡುತ್ತವೆ. ಕಾರನ್ನು ಅಡಿಯಲ್ಲಿ ನಾಲ್ಕು ಕಡೆ ಕಚ್ಚಿ ಹಿಡಿದು, ಕಂಪನಿ ಕೊಟ್ಟ ಅಳತೆಯ ನಕ್ಷೆ ಮುಂದಿಟ್ಟುಕೊಂಡು, ಅಡಿಯ ಒಂದೊಂದು ತೂತೂ ಎಲ್ಲಿರಬೇಕಿತ್ತು, ಈಗೆಲ್ಲಿದೆ ಎಂದು ಉದ್ದ, ಅಗಲ, ಎತ್ತರ ಮೂರೂ ಅಳೆದು ಹೈಡ್ರಾಲಿಕ್ ಕೈಯಿಂದ ಎಳೆಯುತ್ತಾರೆ. ಸಾಮಾನ್ಯವಾಗಿ ಒಪ್ಪುವ ವ್ಯತ್ಯಾಸ ಮೂರು ಮಿಲಿಮೀಟರ್. ಗುದ್ದಿದಾಗ ಕೊನೆಗೆ ಬಗ್ಗಿದ್ದನ್ನು ಮೊದಲು ಎಳೆಯಬೇಕು, ಉಕ್ಕು ಹಿಂದಕ್ಕೆ ಜಗ್ಗುವುದರಿಂದ ತುಸು ಹೆಚ್ಚೇ ಎಳೆದು ಬಿಡಬೇಕು, ಬಿಟ್ಟ ಮೇಲೆ ಮತ್ತೆ ಅಳೆಯಬೇಕು. ನಮ್ಮಲ್ಲಿಯೂ ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಇಂಥ ಬೆಂಚುಗಳಿವೆ. ನಮ್ಮ ರಸ್ತೆಬದಿಯವರಿಗೆ ಇರುವುದು ಬೇವಿನ ಮರ. ಅದಕ್ಕೊಂದು ಚೈನು, ಚೈನಿನ ಇನ್ನೊಂದು ತುದಿ ಕಾರಿನ ಮೂತಿಗೆ. ಡ್ರೈವರ್ ಸೀಟಿನಲ್ಲೊಬ್ಬ ಕೂತು ರಿವರ್ಸ್ ಹಾಕಿ ಜಗ್ಗುತ್ತಾನೆ. ಅಳತೆಗೆ ಹೊರಗೆ ನಿಂತ ಮೇಸ್ತ್ರಿಯ ಒಂದು ಕಣ್ಣು. ಬಾನೆಟ್ ಮುಚ್ಚಿಕೊಂಡರೆ ಚಾಸಿ ಸರಿಹೋಯಿತು ಅಂತ ಲೆಕ್ಕ.

ಬಾನೆಟ್ ಮುಚ್ಚಿಕೊಂಡಿದೆ, ಒಪ್ಪಿದೆ. ಆದರೆ ಸ್ಟೀರಿಂಗ್ ನೆಟ್ಟಗಿಟ್ಟರೆ ಗಾಡಿ ಎಡಕ್ಕೆ ವಾಲುತ್ತದೆ. ಎಡಗಡೆ ಮುಂದಿನ ಟೈರಿನ ಒಳಅಂಚು ನುಣ್ಣಗೆ ಸವೆದಿದೆ. ಅಲೈನ್‌ಮೆಂಟಿನವನು ಯಂತ್ರಕ್ಕೆ ಏರಿಸಿ, ಪರದೆಯ ಮೇಲೆ ಕೆಂಪು ನೋಡಿ, ಟೋ ತಿರುಗಿಸಿ, ಕೊನೆಗೆ ‘ಕ್ಯಾಂಬರ್ ನನ್ನ ಕೈಲಿಲ್ಲ ಸಾರ್’ ಎಂದು ಕೈ ಚೆಲ್ಲಿದ. ಸರಿಯಾಗೇ ಹೇಳಿದ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ಚಕ್ರದ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ತಿರುಗಿಸಲು ಬೋಲ್ಟೇ ಇರುವುದಿಲ್ಲ. ಅದು ತಪ್ಪಿದೆ ಅಂದರೆ ಸಸ್ಪೆನ್ಶನ್ನಿನ ಯಾವುದೋ ಭಾಗ ಬಗ್ಗಿದೆ, ಇಲ್ಲವೇ ಅದು ಕೂರುವ ಜಾಗವೇ ಸರಿದಿದೆ. ಭಾಗಗಳೆಲ್ಲ ಹೊಸವು ಎಂದು ನಿಮ್ಮ ಬಿಲ್ಲೇ ಹೇಳುತ್ತದೆ. ಇನ್ನು ಉಳಿದದ್ದು ಜಾಗ.

ಏರ್‌ಬ್ಯಾಗ್ ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಕೈ ಬಿಡುತ್ತಿಲ್ಲ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಹೊತ್ತಿ ಕೆಲ ಕ್ಷಣದಲ್ಲಿ ಆರಬೇಕು. ಆರದೆ ಉರಿಯುತ್ತಿದ್ದರೆ ಎಲ್ಲೋ ತೊಂದರೆ ಇದೆ ಎಂದು ಅರ್ಥ. ಈ ಗಾಡಿಯಲ್ಲಿ ಅದು ಹೊತ್ತುವುದೇ ಇಲ್ಲ. ತೊಂದರೆ ಹೇಳುವ ದೀಪವನ್ನೇ ಕಿತ್ತರೆ ತೊಂದರೆಯೂ ಹೋಯಿತು ಎಂಬ ನಿಮ್ಮ ವೇದಾಂತಕ್ಕೆ ಶರಣು.

ನಿಮ್ಮೊಬ್ಬರನ್ನೇ ದೂರುವುದು ಧರ್ಮವಲ್ಲ. ಗಾಡಿ ಗುದ್ದಿದ ಮೇಲೆ ನಡೆಯುವ ಮೆರವಣಿಗೆಯಲ್ಲಿ ನೀವು ಬರುವುದು ಕೊನೆಯಲ್ಲಿ. ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ. 75 ದಾಟಿದರೆ ಗಾಡಿ ಟೋಟಲ್ ಲಾಸ್. ಐದನೇ ವರ್ಷಕ್ಕೆ ಆ ಮೌಲ್ಯ ಶೋರೂಮ್ ಬೆಲೆಯ ಅರ್ಧಕ್ಕೆ ಇಳಿದಿರುತ್ತದೆ. ಆರು ಲಕ್ಷದ ಗಾಡಿ ಮೂರು ಲಕ್ಷಕ್ಕೆ ಬಂದಿರುತ್ತದೆ, ರಿಪೇರಿ ಎರಡೂಕಾಲು ಲಕ್ಷ ದಾಟಿದರೆ ಕತೆ ಮುಗಿಯಿತು. ಆಗ ಮಾಲೀಕನಿಗೆ ಹಣ, ಮುದ್ದೆಯಾದ ಗಾಡಿ ಸ್ಯಾಲ್ವೇಜ್ ಹೆಸರಿನಲ್ಲಿ ಹರಾಜಿಗೆ. ಹರಾಜಿನಲ್ಲಿ ಕೊಂಡವನು ಅದನ್ನು ಗುಜರಿಗೆ ಹಾಕಬೇಕೆಂದೇನೂ ಇಲ್ಲವಲ್ಲ. ಇಲ್ಲವೇ ಮಾಲೀಕನಿಗೆ ಗಾಡಿಯ ಮೇಲೆ ಮೋಹ, ಎಸ್ಟಿಮೇಟ್ ಆ ಗೆರೆಯ ಕೆಳಗೆ ಇಳಿಯಬೇಕು. ಆಗ ಮೊದಲು ಕೈಬಿಡುವುದು ಕಣ್ಣಿಗೆ ಕಾಣದ್ದನ್ನು. ಮೆಂಬರ್ ಬದಲಿಸುವ ಕಡೆ ‘ಡೆಂಟಿಂಗ್’ ಎಂದು ಬರೆದರಾಯಿತು. ಹೆಡ್‌ಲೈಟ್ ಮಾತ್ರ ಹೊಸದೇ ಬೇಕು, ಅದು ಬೀಗರಿಗೆ ಕಾಣುತ್ತದೆ. ಇದರ ಮೇಲೆ ‘ಶುಕ್ರವಾರ ಗೃಹಪ್ರವೇಶ ಇದೆ, ಗುರುವಾರ ಗಾಡಿ ಬೇಕು’ ಎಂಬ ಒತ್ತಾಯ. ಗುರುವಾರ ಗಾಡಿ ಬರುತ್ತದೆ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿಕೊಂಡು, ಹೊಳೆಯುತ್ತಾ. ಸ್ವಲ್ಪ ದಿನಕ್ಕೆ ನಿಮ್ಮ ಅಂಗಳಕ್ಕೂ ಬರುತ್ತದೆ.

ಬೇರೆ ದೇಶದ ನಿಮ್ಮ ವೃತ್ತಿಬಾಂಧವರ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ. ಜಪಾನಿನಲ್ಲಿ ಡೀಲರುಗಳು ದುರಸ್ತಿಯ ಇತಿಹಾಸ ಇದ್ದ ಕಾರನ್ನು ಹಾಗೆಂದು ಹೇಳಿಯೇ ಮಾರಬೇಕು. ಬಂಪರ್, ಬಾನೆಟ್, ಬಾಗಿಲು ಬದಲಿಸಿದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೆಂಬರ್, ಪಿಲ್ಲರ್, ನೆಲದ ತಗಡಿನಂಥ ಮೂಳೆಭಾಗ ಪೆಟ್ಟು ತಿಂದು ರಿಪೇರಿಯಾಗಿದ್ದರೆ ಬಂತು. ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ವಿಮಾ ಕಂಪನಿಗಳು ಕೈಬಿಟ್ಟ ಗಾಡಿಗಳಲ್ಲಿ ಒಡಲಿಗೆ ಪೆಟ್ಟಾದವನ್ನು ‘ಎಸ್’ ಎಂದೂ, ಆಗದವನ್ನು ‘ಎನ್’ ಎಂದೂ ಗುರುತಿಸುತ್ತಾರೆ. ರಿಪೇರಿ ಮಾಡಿ ರಸ್ತೆಗಿಳಿಸಬಹುದು, ಆದರೆ ‘ಎಸ್’ ಅಳಿಯುವುದಿಲ್ಲ. ನಮ್ಮ ಆರ್‌ಸಿ ನೋಡಿ, ಎಷ್ಟು ಮರ್ಯಾದಸ್ಥ! ಚಾಸಿ ನಂಬರ್ ಹೇಳುತ್ತದೆ, ಎಂಜಿನ್ ನಂಬರ್ ಹೇಳುತ್ತದೆ, ಬ್ಯಾಂಕಿನಲ್ಲಿ ಸಾಲ ಇದೆಯೇ ಎಂದೂ ಹೇಳುತ್ತದೆ. ಆ ನಂಬರಿನ ಚಾಸಿ ಒಮ್ಮೆ ಮುರಿದಿತ್ತು ಎಂದು ಮಾತ್ರ ಬಾಯಿಬಿಡುವುದಿಲ್ಲ. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಶುರುವಾಗಿ ಹೊಸ ಕಾರುಗಳನ್ನು ಗುದ್ದಿಸಿ ನಕ್ಷತ್ರ ಕೊಡುತ್ತಿದ್ದೇವೆ. ಬೇವಿನ ಮರಕ್ಕೆ ಕಟ್ಟಿ ಎಳೆಸಿಕೊಂಡ ಮೇಲೆ ಅದರಲ್ಲಿ ಎಷ್ಟು ನಕ್ಷತ್ರ ಉಳಿದಿವೆ ಎಂದು ಎಣಿಸುವವರಿಲ್ಲ.

ಅಮೆರಿಕದ ಟೆಕ್ಸಾಸಿನ ಒಂದು ಕತೆ ನಿಮಗೆ ಹೇಳಲೇಬೇಕು. ಅದು ಅಪಘಾತದಿಂದಲೂ ಶುರುವಾದದ್ದಲ್ಲ, ಆಲಿಕಲ್ಲು ಮಳೆಯಿಂದ. 2010ರ ಮಾದರಿಯ ಒಂದು ಹೋಂಡಾ ಫಿಟ್‌ನ ಚಾವಣಿ ಆಲಿಕಲ್ಲಿಗೆ ಜಜ್ಜಿಹೋಗಿ, ಬಾಡಿ ಶಾಪೊಂದು ಹೊಸ ಚಾವಣಿ ಕೂರಿಸಿತು. ಕಂಪನಿಯ ಕೈಪಿಡಿ ಸ್ಪಾಟ್ ವೆಲ್ಡ್ ಮಾಡಬೇಕು ಎಂದಿತ್ತು. ಇವರು ಅಂಟು ಹಾಕಿ ಅಂಟಿಸಿದರು. ಪೇಂಟ್ ಆದ ಮೇಲೆ ಯಾರಿಗೆ ತಿಳಿಯಬೇಕು? ಆ ಕಾರನ್ನು ಆಮೇಲೆ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ದಂಪತಿಗೆ 2013ರ ಡಿಸೆಂಬರಿನಲ್ಲಿ ಡಿಕ್ಕಿಯಾಯಿತು. ಗೂಡು ಕುಸಿಯಿತು, ಬೆಂಕಿ ಹತ್ತಿತು, ಇಬ್ಬರಿಗೂ ತೀವ್ರ ಗಾಯ. 2017ರಲ್ಲಿ ಡಲ್ಲಾಸಿನ ಜ್ಯೂರಿ ನಷ್ಟವನ್ನು ಸುಮಾರು 4.2 ಕೋಟಿ ಡಾಲರ್ ಎಂದು ಲೆಕ್ಕ ಹಾಕಿ, ಅದರ ಮುಕ್ಕಾಲು ಪಾಲು ಆ ಬಾಡಿ ಶಾಪಿನ ತಲೆಗೆ ಕಟ್ಟಿತು. ಡಬ್ಬಿಗಟ್ಟಲೆ ಅಂಟು ಕೊಂಡಿದ್ದರೂ ಅಷ್ಟಾಗುತ್ತಿರಲಿಲ್ಲ.

ತಪ್ಪು ತಿಳಿಯಬೇಡಿ, ಗುದ್ದಿದ ಗಾಡಿ ರಿಪೇರಿ ಆಗಬಾರದು ಎಂದು ನಾನು ಹೇಳುತ್ತಿಲ್ಲ. ಜೀವಮಾನವಿಡೀ ಬೆಸುಗೆಯ ಅನ್ನ ತಿಂದವನು ಹಾಗೆ ಹೇಳಲಾರೆ. ಕೈಪಿಡಿ ಹೇಳಿದ ಜಾಗದಲ್ಲೇ ಕತ್ತರಿಸಿ, ಹೊಸ ಮೆಂಬರ್ ಕೂರಿಸಿ, ಹೇಳಿದಷ್ಟು ಸ್ಪಾಟ್ ವೆಲ್ಡ್ ಹಾಕಿ, ಒಳಗೆ ತುಕ್ಕು ಹಿಡಿಯದಂತೆ ಮೇಣ ಸಿಂಪಡಿಸಿ, ಬೆಂಚಿನ ಮೇಲೆ ಅಳತೆ ತಾಳೆ ನೋಡಿದ ಗಾಡಿಯಲ್ಲಿ ನನ್ನ ಮೊಮ್ಮಗಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬರಲು ಹಿಂದೆಮುಂದೆ ನೋಡುವುದಿಲ್ಲ. ಅಂಥದ್ದನ್ನು ‘ಗುದ್ದಿತ್ತು, ಹೀಗೆ ಸರಿ ಮಾಡಿಸಿದೆವು, ಇಗೋ ಬಿಲ್ಲು, ಇಗೋ ಅಳತೆಯ ಪ್ರಿಂಟು, ಬೆಲೆ ಇಷ್ಟು ಕಮ್ಮಿ’ ಎಂದು ಹೇಳಿ ಮಾರಿದ್ದರೆ ನಿಮ್ಮ ಅಂಗಡಿಗೆ ನಾನೇ ನಾಲ್ಕು ಜನರನ್ನು ಕಳಿಸುತ್ತಿದ್ದೆ. ಮೇಲೆ ಥಳುಕು ಒಳಗೆ ಹುಳುಕು ಮಾಡಿ, ಹುಳುಕಿಗೂ ಶೋರೂಮ್ ರೇಟು ಹಾಕಿದ್ದೀರಲ್ಲ, ತಕರಾರು ಅದಕ್ಕೆ.

ಮೊನ್ನೆ ಹೇಗೋ ಲೈನಿಗೆ ಸಿಕ್ಕ ನಿಮ್ಮ ಹುಡುಗ ‘ನೋಡಿ ತಾನೇ ತಗೊಂಡಿದ್ದು?’ ಅಂದನಂತೆ. ಗೋಣಿಚೀಲ ತಂದು ಗಾಡಿಯ ಕೆಳಗೆ ಮಲಗುವ ಗಿರಾಕಿಗೆ ನಿಮ್ಮ ಅಂಗಡಿಯಲ್ಲಿ ಕಾಫಿ ಕೊಡುತ್ತೀರೋ, ಸೆಕ್ಯೂರಿಟಿಯವನನ್ನು ಕರೆಯುತ್ತೀರೋ ತಿಳಿಯದು. ಅದನ್ನು ಓದುಗರು ಪರೀಕ್ಷಿಸಲಿ. ಗಾಡಿ ಕೊಳ್ಳುವ ಮುಂಚೆ ಹಳೆಯ ಪಾಲಿಸಿ ಕೇಳಿ, ಬೋನಸ್ ಕಾಲಮ್ ನೋಡಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಗಾಡಿಯ ಹಿಸ್ಟರಿ ತೆಗೆಸಲು ಮಾಲೀಕನನ್ನೇ ಜೊತೆಗೆ ಕರೆದುಕೊಂಡು ಹೋಗಿ. ಗಾಡಿಯನ್ನು ಲಿಫ್ಟಿಗೆ ಏರಿಸದೆ ಅಡ್ವಾನ್ಸ್ ಕೊಡಬೇಡಿ. ಏರಿಸಲು ಒಪ್ಪದ ವ್ಯಾಪಾರಿ ಕೇಳದೆಯೇ ಉತ್ತರ ಕೊಟ್ಟಂತೆ.

ನಿಮಗೆ ಹೇಳಬೇಕಾದದ್ದು ಇನ್ನು ಸ್ವಲ್ಪವೇ. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಭಾವಮೈದುನ ನಿಮ್ಮೂರಿಗೆ ಅಲೆಯಬೇಕಾಗಿಯೂ ಇಲ್ಲ, ತಾನಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ನಿಮ್ಮ ಹುಡುಗ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ‘ನಾನ್ ಆಕ್ಸಿಡೆಂಟ್ 100%’ ಎಂಬ ಸಂದೇಶ, ಬೋನಸ್ ಸೊನ್ನೆಯ ಪಾಲಿಸಿ, ಅಲೈನ್‌ಮೆಂಟಿನ ಕೆಂಪು ಪ್ರಿಂಟು, ಆ ಪ್ಲೇಟಿನ ಫೋಟೋ ಎಲ್ಲ ಜೋಡಿಸಿ ಇಟ್ಟಿದ್ದೇವೆ. ನೋಟಿಸ್ ಕೈಗೆ ಬಂದ ಮೇಲೆ ಉತ್ತರ ಕೊಡಲು ನಿಮಗೆ 30 ದಿನ, ಆಯೋಗ ಮನಸ್ಸು ಮಾಡಿದರೆ ಇನ್ನು 15. ಅದರಾಚೆಗೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲೇ ಹೇಳಿದೆ. ಫೋನನ್ನಾದರೆ ಎತ್ತದಿರಬಹುದು, ಪೋಸ್ಟ್‌ಮ್ಯಾನ್ ಬಂದಾಗ ದಯವಿಟ್ಟು ಸಹಿ ಹಾಕಿ.

ಇಂತಿ,
ನಿಮ್ಮ ಗಿರಾಕಿಯ ಭಾವ